ತಂಬಾಕು ತಿದ್ದುಪಡಿಗಾಗಿ ಶಾಸಕರ ಬಾಗಿಲು ತಟ್ಟಿದ್ದು

ತಂಬಾಕು ಬೇಡವೆಂದು ಭಾಷಣ ಮಾಡುವ ರಾಜಕಾರಣಿಗಳಿಗೆ ನಮ್ಮಲ್ಲಿ ಬರವಿಲ್ಲ. ಮೇ 31ರ ವಿಶ್ವ ತಂಬಾಕುರಹಿತ ದಿನದಂದು ಕರೆದ ವೇದಿಕೆಗೆ ಬರುತ್ತಾರೆ, ಮಕ್ಕಳಿಗೆ ಪ್ರತಿಜ್ಞೆ ಬೋಧಿಸುತ್ತಾರೆ. ಅದೇ ಮಾತು ವಿಧೇಯಕವಾಗಿ ಸದನಕ್ಕೆ ಬರಬೇಕು ಎಂದಾಗ ಮಾತ್ರ "ನೋಡೋಣ" ಎನ್ನುತ್ತಾರೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಗೆ, ಅಂದರೆ ಎಲ್ಲರೂ ಕೋಟ್ಪಾ ಎಂದು ಕರೆಯುವ ಕಾಯ್ದೆಗೆ, ಕರ್ನಾಟಕದ ತಿದ್ದುಪಡಿ ಬೇಕೆಂದು ಓಡಾಡಿದವರಲ್ಲಿ ನಾನೂ ಒಬ್ಬಳು. ಆ "ನೋಡೋಣ"ದ ಹಿಂದೆ ಯಾರ ಭಯವಿದೆ ಎಂದು ಪತ್ತೆ ಮಾಡುವುದರಲ್ಲೇ ನನ್ನ ಹೆಚ್ಚಿನ ಸಮಯ ಹೋಯಿತು.

ಬೇಡಿಕೆಗಳು ದೊಡ್ಡವೇನಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ 200 ರೂಪಾಯಿ ದಂಡ ಎಂದು 2003ರಲ್ಲಿ ಬರೆದದ್ದು ಇಪ್ಪತ್ತು ವರ್ಷ ಕಳೆದರೂ ಹಾಗೇ ಇತ್ತು. ಮಾರಾಟದ ಕನಿಷ್ಠ ವಯಸ್ಸು 18 ಇದ್ದುದು 21 ಆಗಬೇಕಿತ್ತು. ಬಿಡಿ ಸಿಗರೇಟಿನ ಮಾರಾಟ ನಿಲ್ಲಬೇಕಿತ್ತು. ನಗರಗಳಲ್ಲಿ ಹಬ್ಬುತ್ತಿದ್ದ ಹುಕ್ಕಾ ಬಾರ್‌ಗಳನ್ನು ಮುಚ್ಚಲು ಗಟ್ಟಿಯಾದ ಕಾನೂನು ಬೇಕಿತ್ತು. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬಿಡಿ ಮಾರಾಟ. ಪ್ಯಾಕ್ ಕೊಳ್ಳುವಷ್ಟು ಹಣ ಕಾಲೇಜು ಹುಡುಗನ ಜೇಬಿನಲ್ಲಿ ಇರುವುದಿಲ್ಲ, ಒಂದು ಸಿಗರೇಟಿಗೆ ಇರುತ್ತದೆ. ಪ್ಯಾಕಿನ ಶೇ. 85ರಷ್ಟು ಜಾಗದಲ್ಲಿ ಅಚ್ಚಾದ ಎಚ್ಚರಿಕೆಯ ಚಿತ್ರ ಗೂಡಂಗಡಿಯವನ ಕೈಯಲ್ಲೇ ಉಳಿಯುತ್ತದೆ, ಹುಡುಗನ ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಶಾಸಕರನ್ನು ಬೆಂಗಳೂರಿನಲ್ಲಿ ಹಿಡಿಯುವುದನ್ನು ಬೇಗನೆ ಬಿಟ್ಟೆ. ಶಾಸಕರ ಭವನದಲ್ಲಿ ವರ್ಗಾವಣೆಯ ಪತ್ರ ಹಿಡಿದವರ ಸಾಲಿನಲ್ಲಿ ನಿಂತರೆ ನಮ್ಮ ಮನವಿಯೂ ಅವುಗಳಲ್ಲಿ ಒಂದಾಗುತ್ತದೆ. ಅವರ ಕ್ಷೇತ್ರಕ್ಕೇ ಹೋದರೆ ಮಾತಿನ ಧಾಟಿ ಬದಲಾಗುತ್ತದೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಸೀಮೆಯಲ್ಲಿ ಹೊಗೆಸೊಪ್ಪು ಬಿಟ್ಟು ರಾಜಕಾರಣವಿಲ್ಲ. ಪಿರಿಯಾಪಟ್ಟಣದ ಹಳ್ಳಿಯೊಂದರಲ್ಲಿ ಸೊಪ್ಪು ಹದಮಾಡುವ ಬ್ಯಾರನ್ ಪಕ್ಕದ ಚಪ್ಪರದಡಿ ಹೆಂಗಸರು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರು. ಎಲೆಯ ಅಂಟು ಬೆರಳುಗಳಿಗೆ ಮೆತ್ತಿ ಕಪ್ಪಗಾಗಿತ್ತು. ಮಳೆಯಲ್ಲಿ ನೆನೆದ ಸೊಪ್ಪು ಮುರಿದ ದಿನ ತಲೆ ಸುತ್ತಿ ವಾಂತಿಯಾಗುತ್ತದೆ ಎಂದು ಒಬ್ಬಾಕೆ ಹೇಳಿದರು. ಚರ್ಮದ ಮೂಲಕ ನಿಕೋಟಿನ್ ಮೈಗಿಳಿಯುವುದರಿಂದ ಬರುವ ಕಾಯಿಲೆ ಅದು. ಮನೆಯ ಯಜಮಾನರ ಪ್ರಶ್ನೆ ಮಾತ್ರ ಬೇರೆಯೇ ಆಗಿತ್ತು: "ನೀವು ಸೇದುವುದನ್ನೇ ನಿಲ್ಲಿಸಿದರೆ ನಮ್ಮ ಸೊಪ್ಪು ಕೊಳ್ಳುವವರು ಯಾರಮ್ಮ?"

ಆ ಪ್ರಶ್ನೆ ಮೊದಲು ಶಾಸಕರ ಕಿವಿಗೆ ಬೀಳುತ್ತದೆ, ಆಮೇಲೆ ಸಚಿವರ ಕಿವಿಗೆ. ಉತ್ತರ ಅದಕ್ಕಿಂತ ಮೊದಲೇ ಅಲ್ಲಿ ಇರಬೇಕು. ನಾವು ಒಂದೇ ಹಾಳೆಯ ಟಿಪ್ಪಣಿ ಸಿದ್ಧಪಡಿಸಿದೆವು. ಎಷ್ಟು ಬೆಳೆಯಬೇಕು ಎಂಬುದನ್ನು ಪ್ರತಿ ವರ್ಷ ತಂಬಾಕು ಮಂಡಳಿ ನಿಗದಿ ಮಾಡುತ್ತದೆ. ಮೈಸೂರು ಭಾಗದ ಸೊಪ್ಪಿನಲ್ಲಿ ದೊಡ್ಡ ಪಾಲು ರಫ್ತಾಗುತ್ತದೆ. ಈ ತಿದ್ದುಪಡಿಯಲ್ಲಿ ಬೆಳೆಗಾರರಿಗೆ ಸಂಬಂಧಿಸಿದ ಒಂದು ಕಲಮೂ ಇಲ್ಲ. ಕೊನೆಯ ವಾಕ್ಯದ ಕೆಳಗೆ ನಾನು ಪ್ರತಿ ಸಲವೂ ಗೆರೆ ಎಳೆಯುತ್ತಿದ್ದೆ. ಬೆಳೆಗಾರನಿಗೆ ಇದು ಪೂರ್ತಿ ಉತ್ತರವಲ್ಲ ಎಂಬುದು ನನಗೆ ಗೊತ್ತು. ಭಾರತ 2004ರಲ್ಲೇ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 17ನೇ ವಿಧಿ ಪರ್ಯಾಯ ಜೀವನೋಪಾಯದ ಬಗ್ಗೆಯೇ ಇದೆ. ಅದನ್ನು ಹುಣಸೂರಿನ ಹೊಲಕ್ಕೆ ತಲುಪಿಸುವ ಹೊಣೆ ಸರ್ಕಾರಗಳ ಮೇಲೆ ಇಂದಿಗೂ ಹಾಗೆಯೇ ಇದೆ.

ಮಲೆನಾಡಿನ ಭಯಕ್ಕೆ ಕಾರಣ ಅಡಿಕೆ. 2013ರಲ್ಲಿ ಗುಟ್ಕಾ ನಿಷೇಧವಾದಾಗ ಬೆಳೆಗಾರರು ಬೀದಿಗಿಳಿದದ್ದನ್ನು ಅಲ್ಲಿನ ಯಾವ ಶಾಸಕರೂ ಮರೆತಿಲ್ಲ. ಕರಾವಳಿಯಲ್ಲಿ ಬೀಡಿ. ಬಂಟ್ವಾಳ ಕಡೆಯ ಒಂದು ಮನೆಯಲ್ಲಿ ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಅಕ್ಕ, ಸಾವಿರಕ್ಕೆ ಇಷ್ಟು ಎಂಬ ಕೂಲಿಯಲ್ಲಿ ಗುತ್ತಿಗೆದಾರ ಎಷ್ಟನ್ನು ಕೆಟ್ಟದ್ದೆಂದು ಕಿತ್ತೆಸೆಯುತ್ತಾನೆ ಎಂದು ಲೆಕ್ಕ ಒಪ್ಪಿಸಿದರು. "ನನ್ನ ಮಗಳು ಈ ಮೊರ ಹಿಡಿಯುವುದು ಬೇಡ" ಎಂದರು. ಬೀಡಿ ಕಾರ್ಮಿಕರ ಹೆಸರಿನಲ್ಲಿ ವಿಧಾನಸೌಧಕ್ಕೆ ಬರುವ ಮನವಿಗಳಲ್ಲಿ ಈ ಮಾತು ಇರುವುದಿಲ್ಲ. ಅದನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಟಿಪ್ಪಣಿಗೆ ಸೇರಿಸಿದೆ.

ಉದ್ಯಮ ತಾನೇ ಮುಂದೆ ಬಂದು ವಿರೋಧಿಸುವುದು ಕಡಿಮೆ. ರೈತ, ಕಾರ್ಮಿಕ, ಗೂಡಂಗಡಿಯವನ ಹೆಗಲ ಮೇಲಿಂದ ಮಾತನಾಡುತ್ತದೆ. ಸಂಸತ್ತಿನಲ್ಲಾದರೆ ಆ ಮುಸುಕೂ ಇರಲಿಲ್ಲ. ಶೇ. 85ರ ಎಚ್ಚರಿಕೆ ಚಿತ್ರ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬರಬೇಕಿತ್ತು. ಅದನ್ನು ಮುಂದೂಡಲು ಶಿಫಾರಸು ಮಾಡಿದ ಸಂಸದೀಯ ಸಮಿತಿಯಲ್ಲಿ ಬೀಡಿ ಉದ್ಯಮಿಯೊಬ್ಬರು ಸದಸ್ಯರಾಗಿದ್ದರು. ಒಂದು ವರ್ಷ ಹಾಗೆಯೇ ಕಳೆದುಹೋಯಿತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆ ನಿಯಮವನ್ನೇ ರದ್ದುಪಡಿಸಿತು. ಮರುತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಒಂದು ಚಿತ್ರಕ್ಕೇ ಇಷ್ಟು ಹೋರಾಟವಾದರೆ ಹುಕ್ಕಾ ಬಾರ್ ಮುಚ್ಚಿಸುವ ಕಲಮಿಗೆ ಎಷ್ಟಾಗಬಹುದು? ಆದ್ದರಿಂದ ಪ್ರತಿ ಕಲಮಿಗೂ ಕಾರಣ ಮತ್ತು ಪುರಾವೆ ಕಡತದಲ್ಲೇ ಇರಬೇಕೆಂದು ಪಟ್ಟು ಹಿಡಿದೆವು.

ಕಡತದ ಹಾದಿಯಲ್ಲಿ ನಮಗೆ ಬಹಳ ನೆರವಾದದ್ದು ಬೇರೆ ರಾಜ್ಯಗಳ ಪಠ್ಯ. ಕೇಂದ್ರದ ಕಾಯ್ದೆಗೆ ವ್ಯತಿರಿಕ್ತವಾದ ರಾಜ್ಯ ತಿದ್ದುಪಡಿ ಉಳಿಯಬೇಕಾದರೆ ಸಂವಿಧಾನದ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು. ಗುಜರಾತ್ 2017ರಲ್ಲಿ, ಮಹಾರಾಷ್ಟ್ರ ಮತ್ತು ಪಂಜಾಬ್ 2018ರಲ್ಲಿ ಹುಕ್ಕಾ ಬಾರ್ ವಿರುದ್ಧ ಇದೇ ದಾರಿ ಹಿಡಿದಿದ್ದವು. ಅಂಕಿತ ಪಡೆದ ಪದಗಳನ್ನೇ ಬಳಸಿದರೆ ದೆಹಲಿಯಲ್ಲಿ ಆಕ್ಷೇಪ ಕಡಿಮೆ. ಹೊಸ ಕಾನೂನು ಬರೆಸಲು ಹೊರಡುವವರಿಗೆಲ್ಲ ನಾನು ಹೇಳುವುದು ಇದನ್ನೇ: ಚೆಂದದ ವಾಕ್ಯ ಹುಡುಕಬೇಡಿ, ಪಾಸಾದ ವಾಕ್ಯ ಹುಡುಕಿ.

2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಹುಕ್ಕಾ ನಿಷೇಧ ಮತ್ತು 21 ವರ್ಷದ ಮಿತಿಯ ಮಾತು ಬಹಿರಂಗವಾಗಿ ಆಡಿತು. ಮುಂದಿನ ತಿಂಗಳು ಕೋರಮಂಗಲದಲ್ಲಿ ಹುಕ್ಕಾ ಬಾರ್ ಇದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿಯವರೆಗೆ ಹುಕ್ಕಾ ಶ್ರೀಮಂತ ಮಕ್ಕಳ ಚಟ ಎಂದುಕೊಂಡಿದ್ದವರು ಸುರಕ್ಷತೆಯ ಬಗ್ಗೆ ಕೇಳತೊಡಗಿದರು. 2024ರ ಫೆಬ್ರವರಿ 7ರಂದು ಹುಕ್ಕಾ ನಿಷೇಧದ ಅಧಿಸೂಚನೆ ಬಂತು, ಅದೇ ತಿಂಗಳು ತಿದ್ದುಪಡಿಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ದಂಡ 1,000 ರೂಪಾಯಿ, ವಯಸ್ಸು 21, ಶಾಲೆಯ ಸುತ್ತ 100 ಗಜದ ಬದಲು 100 ಮೀಟರ್, ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಸೆರೆ. ತಂಬಾಕು ಅಗಿದು ಉಗುಳುವುದೂ ಅಪರಾಧದ ವ್ಯಾಪ್ತಿಗೆ ಬಂತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಅಧಿಸೂಚನೆಯನ್ನು ಎತ್ತಿಹಿಡಿಯಿತು.

ಹದಿನೆಂಟಕ್ಕೆ ಮತ ಹಾಕುವವನು ಸಿಗರೇಟು ಏಕೆ ಕೊಳ್ಳಬಾರದು ಎಂದು ಕೇಳಿದವರಿಗೆ ಶ್ರೀಲಂಕಾ 2006ರಲ್ಲೇ 21ಕ್ಕೆ ಏರಿಸಿದ್ದನ್ನು ತೋರಿಸುತ್ತಿದ್ದೆ. ನಿರ್ಬಂಧ ಇರುವುದು ಮಾರುವವನ ಮೇಲೆ ಎಂದು ವಿವರಿಸುತ್ತಿದ್ದೆ.

ಆಮೇಲೆ ದೀರ್ಘ ಕಾಯುವಿಕೆ. ಅಂಕಿತ ಬಿದ್ದು ಕಾಯ್ದೆ ಜಾರಿಯಾದದ್ದು 2025ರ ಮೇ ಕೊನೆಗೆ. ಆ ಅವಧಿಯಲ್ಲಿ ಸುಮ್ಮನಿದ್ದರೆ ಕಡತ ತಣ್ಣಗಾಗುತ್ತದೆ. ಹಾಗಾಗಿ ಇಲಾಖೆಗೆ ಪತ್ರ ಬರೆಯುವುದನ್ನು, ಸಂಸದರಿಂದ ಕೇಳಿಸುವುದನ್ನು ನಿಲ್ಲಿಸಲಿಲ್ಲ.

ಈಗ ಎರಡು ಕೆಲಸಗಳು ನಮ್ಮ ಮುಂದಿವೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೇರೆ ತಂಬಾಕಿಗೆ ಶೇ. 40 ಎಂದು ತೀರ್ಮಾನಿಸಿದಾಗ ಬೀಡಿಯನ್ನು ಶೇ. 28ರಿಂದ 18ಕ್ಕೆ ಇಳಿಸಲು ಒಪ್ಪಿತು. ಬಡವನ ಶ್ವಾಸಕೋಶಕ್ಕೆ ರಿಯಾಯಿತಿ ಕೊಟ್ಟಂತಾದ ಈ ನಿರ್ಧಾರವನ್ನು ಪ್ರಶ್ನಿಸಿ, ಕಾರ್ಮಿಕರ ಕೂಲಿಗೆ ಬೇರೆ ರಕ್ಷಣೆ ಕೇಳುವ ಟಿಪ್ಪಣಿ ತಯಾರಾಗುತ್ತಿದೆ. ಇನ್ನೊಂದು, ತಂಬಾಕು ಮಾರಲು ಪ್ರತ್ಯೇಕ ಪರವಾನಗಿ ಇರಬೇಕು, ಆ ಅಂಗಡಿಯಲ್ಲಿ ಚಾಕೊಲೇಟು, ಬಿಸ್ಕತ್ತು ಇರಬಾರದು ಎಂಬ ಬೇಡಿಕೆ. ಗೂಡಂಗಡಿಯವರ ಸಂಘಗಳು ಶಾಸಕರ ಬಳಿ ಹೋಗುವ ಮೊದಲೇ ನಾವು ಗೂಡಂಗಡಿಯವರ ಬಳಿ ಹೋಗಲು ಶುರುಮಾಡಿದ್ದೇವೆ.