ಬಾಡಿಗೆ ಏರಿಸಬೇಕೇ? ಮೊದಲು ಕ್ಯಾಲೆಂಡರ್ ನೋಡಿ

"ಮುಂದಿನ ತಿಂಗಳಿಂದ ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತೆ." ಮೆಟ್ಟಿಲ ಮೇಲೆ ಎದುರಾದಾಗ ಮಾಲೀಕರೊಬ್ಬರು ನನಗೂ ಹೀಗೆ ಹೇಳಿ ಹೋಗಿದ್ದರು. ಆ ‘ಸ್ವಲ್ಪ’ ಎಷ್ಟು ಎಂದು ಗೊತ್ತಾಗಲು ವಾರ ಹಿಡಿಯಿತು. ಬಾಡಿಗೆ ಏರಿಸುವ ಹಕ್ಕು ಮಾಲೀಕರಿಗಿದೆ, ನಿಜ. ಆದರೆ ಬಾಯಿಮಾತಿನಲ್ಲಿ ಏರಿಸಿದ ಬಾಡಿಗೆ ಕಾನೂನಿನ ಮುಂದೆ ಬಹಳಷ್ಟು ಕಡೆ ನಿಲ್ಲುವುದಿಲ್ಲ.

ಕರಾರು ಪತ್ರ ತೆಗೆಯಿರಿ

ಅವಧಿ ಮುಗಿಯಲು ಇನ್ನೂ ಆರು ತಿಂಗಳಿದೆಯೇ? ನಡುವೆ ಏರಿಸಬಹುದು ಎಂದು ಪತ್ರದಲ್ಲಿ ಬರೆದಿಲ್ಲವೇ? ಹಾಗಾದರೆ ಕಾಯಲೇಬೇಕು. ‘ವರ್ಷಕ್ಕೆ ಶೇ 5 ಹೆಚ್ಚಳ’ ಎಂದಿದ್ದರೆ ಅಷ್ಟೇ ಏರಿಸಬಹುದು, ಶೇ 8 ಕೇಳುವಂತಿಲ್ಲ. ಇಲ್ಲೊಂದು ಸಣ್ಣ ತೊಡಕಿದೆ. 10,000 ಬಾಡಿಗೆ ಮೊದಲ ಹೆಚ್ಚಳಕ್ಕೆ 10,500 ಆಗುತ್ತದೆ. ಎರಡನೇ ಸಲ 11,000 ಆಗಬೇಕೋ, 11,025 ಆಗಬೇಕೋ? ಶೇಕಡಾ ಲೆಕ್ಕ ಮೂಲ ಬಾಡಿಗೆಯ ಮೇಲೋ, ಈಗಿನದರ ಮೇಲೋ ಎಂಬುದನ್ನು ಕರಾರಿನಲ್ಲೇ ಬರೆದುಕೊಂಡಿದ್ದರೆ 25ಕ್ಕೆ ಮುಖ ತಿರುಗಿಸುವ ಪ್ರಸಂಗ ಬರುವುದಿಲ್ಲ.

ನಿಮ್ಮ ಊರಿನ ನಿಯಮ ಏನು?

ನಿಯಮ ಎಲ್ಲ ಕಡೆ ಒಂದೇ ಇಲ್ಲ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಏನೂ ಬರೆಯದಿದ್ದರೆ 3 ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು. ಇದನ್ನು ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ಜಾರಿ. ಕೆನಡಾದ ಒಂಟಾರಿಯೋದಲ್ಲಿ 90 ದಿನದ ನೋಟಿಸ್ ಬೇಕು, ಅದೂ 12 ತಿಂಗಳಿಗೆ ಒಂದೇ ಸಲ. ಕ್ಯಾಲಿಫೋರ್ನಿಯಾದಲ್ಲಿ ತಿಂಗಳ ಬಾಡಿಗೆಯ ಮನೆಗೆ ವರ್ಷದ ಹೆಚ್ಚಳ ಶೇ 10 ದಾಟದಿದ್ದರೆ 30 ದಿನ, ದಾಟಿದರೆ 90 ದಿನ. ಎಷ್ಟು ಏರಿಸಬಹುದು ಎಂಬ ಮಿತಿ ಬೇರೆಯೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ನಿಗದಿತ ನಮೂನೆ ಇದ್ದರೆ ಅದರಲ್ಲೇ ಬರೆಯಿರಿ.

ದಿನ ಎಣಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ನೋಟಿಸ್ ಬರೆದ ದಿನದಿಂದ ಎಣಿಸಬೇಡಿ, ಬಾಡಿಗೆದಾರರ ಕೈ ಸೇರಿದ ದಿನದಿಂದ ಎಣಿಸಿ. ಬಾಡಿಗೆ ತಿಂಗಳು 1ನೇ ತಾರೀಕಿಗೆ ಶುರುವಾಗುತ್ತದೆ, 3 ತಿಂಗಳ ನೋಟಿಸ್ ಬೇಕು ಎಂದುಕೊಳ್ಳಿ. ಡಿಸೆಂಬರ್ 31ಕ್ಕೆ ಪತ್ರ ತಲುಪಿದರೆ ಏಪ್ರಿಲ್ 1ರಿಂದ ಹೊಸ ಬಾಡಿಗೆ. ಜನವರಿ 5ಕ್ಕೆ ತಲುಪಿದರೆ? ಅವಧಿ ಮುಗಿಯುವುದು ಏಪ್ರಿಲ್ 5ಕ್ಕೆ. ಆ ತಿಂಗಳು ಅಷ್ಟರಲ್ಲಿ ಶುರುವಾಗಿಬಿಟ್ಟಿರುತ್ತದೆ. ಹಾಗಾಗಿ ಮೇ 1 ಎಂದು ಬರೆಯುವುದೇ ಕ್ಷೇಮ. ಐದು ದಿನದ ಸೋಮಾರಿತನಕ್ಕೆ ಒಂದು ತಿಂಗಳ ಹೆಚ್ಚಳ ಹೋಯಿತು! ಅಂಚೆಯಲ್ಲಿ ಕಳಿಸುವುದಾದರೆ ಒಂದು ವಾರ ಜಾಸ್ತಿಯೇ ಇಟ್ಟುಕೊಳ್ಳಿ.

ಏನು ಬರೆಯಬೇಕು?

ಉದ್ದ ಪತ್ರ ಬೇಡ. ಇಬ್ಬರ ಹೆಸರು, ಮನೆಯ ವಿಳಾಸ, ಪತ್ರದ ತಾರೀಕು, ಸಹಿ ಇರಲಿ. ನಡುವೆ ಇಷ್ಟು ಸಾಕು:

"ಈ ಮನೆಯ ಈಗಿನ ತಿಂಗಳ ಬಾಡಿಗೆ 10,000. ನಮ್ಮ ಕರಾರಿನ 4ನೇ ಷರತ್ತಿನಂತೆ ಮೇ 1ರಿಂದ ಇದು 10,500 ಆಗುತ್ತದೆ. ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ."

‘ಶೇ 5 ಏರಿಸಲಾಗಿದೆ’ ಎಂದಷ್ಟೇ ಬರೆದು ಲೆಕ್ಕವನ್ನು ಅವರ ತಲೆಗೆ ಕಟ್ಟಬೇಡಿ, ಹೊಸ ಮೊತ್ತವನ್ನೇ ಬರೆಯಿರಿ. ಮೇಂಟೆನೆನ್ಸ್, ಅಡ್ವಾನ್ಸ್ ವಿಷಯ ಇದರಲ್ಲಿ ಬೆರೆಸಬೇಡಿ. ಕಾರಣ ಹೇಳುವುದು ಎಲ್ಲ ಕಡೆ ಕಡ್ಡಾಯವಲ್ಲ. ಜರ್ಮನಿಯಲ್ಲಿ ಸುತ್ತಲಿನ ಬಾಡಿಗೆಯ ಮಟ್ಟಕ್ಕೆ ಏರಿಸುವುದಾದರೆ ಅದಕ್ಕೆ ಆಧಾರ ಕೊಡಬೇಕು, ಅಂಥದೇ ಮೂರು ಮನೆಗಳ ಬಾಡಿಗೆ ತೋರಿಸುವುದು ಒಂದು ದಾರಿ. ಕಡ್ಡಾಯ ಇರಲಿ, ಬಿಡಲಿ, ಒಂದು ಸಾಲಿನ ಕಾರಣ ಕೊಟ್ಟರೆ ಕಳೆದುಕೊಳ್ಳುವುದೇನು, ಅಲ್ವಾ?

ತಲುಪಿಸಿದ್ದಕ್ಕೆ ಸಾಕ್ಷಿ

ಎರಡು ಪ್ರತಿ ಮಾಡಿ. ಒಂದನ್ನು ಕೈಗೆ ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಎಂದು ತಾರೀಕಿನ ಸಮೇತ ಸಹಿ ಹಾಕಿಸಿಕೊಳ್ಳಿ. ಅವರು ಸಹಿ ಹಾಕಲು ಒಪ್ಪದಿದ್ದರೆ ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ವಾಟ್ಸ್ಆ್ಯಪ್ ನೀಲಿ ಗೆರೆಯನ್ನೇ ನಂಬಿ ಕೂರಬೇಡಿ. ಕಾನೂನು ಅಥವಾ ಕರಾರು ಒಪ್ಪಿದರೆ ಮಾತ್ರ ಅದು ನೋಟಿಸ್, ಇಲ್ಲದಿದ್ದರೆ ಸುಮ್ನೆ ಮೆಸೇಜ್. ಪತ್ರದಲ್ಲಿ ತಪ್ಪು ಕಂಡರೆ ಪೆನ್ನಿನಿಂದ ತಿದ್ದುವುದು ಬೇಡ, ಹೊಸ ನೋಟಿಸ್ ಕೊಡಿ. ದಿನದ ಲೆಕ್ಕವೂ ಮತ್ತೆ ಮೊದಲಿನಿಂದ.

ಒಪ್ಪದಿದ್ದರೆ?

ಕೂತು ಮಾತಾಡಿ. ಎಷ್ಟೋ ಸಲ 500ರ ಬದಲು 300ಕ್ಕೆ ಒಪ್ಪಿಕೊಂಡರೆ ಒಳ್ಳೆಯ ಬಾಡಿಗೆದಾರರು ಉಳಿಯುತ್ತಾರೆ. ಮನೆ ಖಾಲಿ ಬಿದ್ದರೆ ಒಂದು ತಿಂಗಳಲ್ಲೇ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಒಪ್ಪಿದ ಮೊತ್ತವನ್ನು ಬರೆದು ಇಬ್ಬರೂ ಸಹಿ ಹಾಕಿ. ಮಾತು ಮುರಿದರೆ ಬಾಡಿಗೆ ಪ್ರಾಧಿಕಾರಕ್ಕೋ ನ್ಯಾಯಾಲಯಕ್ಕೋ ಹೋಗಬೇಕು. ನೀರು, ಕರೆಂಟ್ ನಿಲ್ಲಿಸುವುದು, ಬೀಗ ಬದಲಿಸುವುದು ಮಾಡಿದರೆ ತಪ್ಪು ನಿಮ್ಮ ಮೇಲೇ ಬರುತ್ತದೆ. ಹಾಗೆಯೇ, ಸೋರುವ ಚಾವಣಿ ರಿಪೇರಿ ಮಾಡಿಸಿ ಎಂದು ಅವರು ದೂರು ಕೊಟ್ಟ ಮರುವಾರವೇ ನೋಟಿಸ್ ಕೊಡಬೇಡಿ. ಅದನ್ನು ಸೇಡಿನ ಹೆಚ್ಚಳ ಎಂದು ಪರಿಗಣಿಸುವ ಕಾನೂನುಗಳಿವೆ. ಮೊದಲು ಚಾವಣಿ ಸರಿ ಮಾಡಿಸಿ, ನೋಟಿಸ್ ಆಮೇಲೆ.