ಊರಿನ ಮನೆಯ ನೆಟ್ ಬಿಲ್ ಇಲ್ಲಿಂದ ತುಂಬುವುದು: ಹೊಸಬರಿಗೆ ಒಂದಿಷ್ಟು ಮಾಹಿತಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಹೊರದೇಶಕ್ಕೆ ಹೊಸದಾಗಿ ಬಂದವರ ತಲೆಯಲ್ಲಿ ಮೊದಮೊದಲು ಬಾಡಿಗೆ ಮನೆ, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಇವೇ ತುಂಬಿರುತ್ತವೆ. ಊರಿನ ಮನೆಯ ನೆಟ್ ಬಿಲ್ ನೆನಪಾಗುವುದು ಅವ್ವನ ವಿಡಿಯೋ ಕಾಲ್ ಬರದಿದ್ದಾಗಲೇ. ಬಿಲ್ ದೊಡ್ಡದೇನಲ್ಲ. ಆದರೆ ನಿಮ್ಮ ಮುಖ ನೋಡುವುದು, ಆಸ್ಪತ್ರೆಯ ರಿಪೋರ್ಟ್ ಕಳಿಸುವುದು, ಬಾಗಿಲ ಮುಂದಿನ ಕ್ಯಾಮೆರಾ ಎಲ್ಲವೂ ಆ ಒಂದೇ ಲೈನಿನ ಮೇಲಿವೆ. ಅದು ಬಂದ್ ಆಗಬಾರದು.

ನನ್ನ ಸಲಹೆ ಇಷ್ಟೇ. ಇಲ್ಲಿಂದ ನೀವೂ ತುಂಬುವಂತಿರಬೇಕು, ಅಲ್ಲಿಂದ ಅವರೂ ತುಂಬುವಂತಿರಬೇಕು. ಒಂದೇ ದಾರಿ ನೆಚ್ಚಿಕೊಂಡರೆ ಅದು ಕೈಕೊಟ್ಟ ದಿನ ವಯಸ್ಸಾದವರು ಬಿಸಿಲಲ್ಲಿ ಓಡಾಡಬೇಕಾಗುತ್ತದೆ.

ಮೊದಲು ಲೈನ್ ಯಾರದು ನೋಡಿ

ಯಾವ ಆ್ಯಪ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಹಳೆಯ ಬಿಲ್ಲಿನ ಫೋಟೋ ತರಿಸಿಕೊಳ್ಳಿ. ಬಿಎಸ್‌ಎನ್‌ಎಲ್ ಫೈಬರ್ ಇದ್ದರೆ ಎಸ್‌ಟಿಡಿ ಕೋಡ್ ಸಮೇತ ಫೋನ್ ನಂಬರ್ ಬೇಕು. ಬೆಳಗಾವಿಗೆ 0831, ವಿಜಯಪುರಕ್ಕೆ 08352, ಬಾಗಲಕೋಟೆಗೆ 08354. ತಾಲ್ಲೂಕು ಬದಲಾದರೆ ಕೋಡ್ ಕೂಡ ಬೇರೆ. ಜಮಖಂಡಿಗೆ 08353, ಗೋಕಾಕಿಗೆ 08332. ಜಿಲ್ಲೆಯ ಕೋಡ್ ಹಾಕಿ ಬಿಲ್ ಸಿಗುತ್ತಿಲ್ಲ ಎಂದು ಕೂರುವವರನ್ನು ನೋಡಿದ್ದೇನೆ. ಜಿಯೋ, ಏರ್‌ಟೆಲ್ ಆದರೆ ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ ಅಥವಾ ಸರ್ವಿಸ್ ನಂಬರ್ ಸಾಕು.

ನಂಬರ್ ಹಾಕಿದ ಮೇಲೆ ತೆರೆಯ ಮೇಲೆ ಬರುವ ಹೆಸರನ್ನು ನಿಧಾನವಾಗಿ ಓದಿ. ಅಪ್ಪನ ಹೆಸರೇ ಇದೆಯಾ? ಒಂದು ಅಂಕಿ ಆಚೀಚೆಯಾದರೆ ಬೇರೆ ಯಾರದೋ ಬಿಲ್ ತುಂಬಿಬಿಡುತ್ತೀರಿ. ಆ ರೊಕ್ಕ ವಾಪಸ್ ತರುವುದು ದೊಡ್ಡ ತಲೆನೋವು.

ಇನ್ನೊಂದು ಮಾತು, ಪ್ಲಾನ್ ದರದ ಮೇಲೆ 18% ಜಿಎಸ್‌ಟಿ ಬೀಳುತ್ತದೆ. 499 ರೂಪಾಯಿ ಪ್ಲಾನ್ ಎಂದರೆ ಕೈಯಿಂದ ಹೋಗುವುದು ಸುಮಾರು 589. ಮನೆಗೆ ರೊಕ್ಕ ಕಳಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಓಟಿಪಿ ಯಾರ ಫೋನಿಗೆ ಬರುತ್ತದೆ?

ಅರ್ಧಕ್ಕರ್ಧ ತೊಂದರೆ ಇಲ್ಲೇ ಶುರುವಾಗುತ್ತದೆ. ವಿಮಾನ ಹತ್ತುವ ಗಡಿಬಿಡಿಯಲ್ಲಿ ಊರಿನ ಸಿಮ್ ಡ್ರಾಯರಿನಲ್ಲಿ ಬಿಟ್ಟು ಬಂದಿರುತ್ತೀರಿ. ಬ್ಯಾಂಕಿನ ಓಟಿಪಿ ಆ ನಂಬರಿಗೆ ಹೋಗುತ್ತಿರುತ್ತದೆ. ಇಲ್ಲಿ ನೀವು ತೆರೆ ನೋಡುತ್ತಾ ಕೂತಿರುತ್ತೀರಿ.

ಊರಿನ ಸಿಮ್ ಜೊತೆಗೇ ತನ್ನಿ. ಬರುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಎಸ್‌ಎಂಎಸ್ ಬರುತ್ತದೆಯೇ ಎಂದು ಇಲ್ಲಿ ಇಳಿದ ಕೂಡಲೇ ನೋಡಿ. ರೀಚಾರ್ಜ್ ತಪ್ಪಿಸಬೇಡಿ. 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ಬಂದ್ ಮಾಡಬಹುದು, ಆಮೇಲೆ ಅದೇ ನಂಬರ್ ಬೇರೆಯವರ ಕೈಗೂ ಹೋಗಬಹುದು. ಬ್ಯಾಂಕಿಗೆ ಜೋಡಿಸಿದ ನಂಬರ್ ಹೀಗೆ ಹೋದರೆ ಎಷ್ಟು ಅಪಾಯ ಅಲ್ವಾ? ಬ್ಯಾಂಕಿನಲ್ಲಿ ಇಲ್ಲಿನ ನಂಬರ್ ದಾಖಲಿಸಲು ಆಗುವುದಾದರೆ ಅದನ್ನೂ ಮಾಡಿಬಿಡಿ.

ಇಂಟರ್ನೆಟ್ ಕಂಪನಿಯಲ್ಲಿರುವ ನಂಬರ್ ಮಾತ್ರ ಮನೆಯವರದ್ದೇ ಇರಲಿ. ಬಿಲ್ ಬಂತು, ನಾಳೆ ಲೈನ್‌ಮನ್ ಬರುತ್ತಾನೆ ಎಂಬಂಥ ಸಂದೇಶ ಅವರಿಗೇ ಸಿಗಬೇಕು.

ರೊಕ್ಕ ಯಾವ ಖಾತೆಯಿಂದ

ಹೊರದೇಶಕ್ಕೆ ನೌಕರಿಗೆ ಬಂದು ನೆಲೆಸಿದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಒ ಖಾತೆ ಮಾಡಿಸಬೇಕು. ಇದು ವಿದೇಶಿ ವಿನಿಮಯದ ಫೆಮಾ ಕಾನೂನಿನ ನಿಯಮ. ಹೊಸಬರು ಬಹಳ ಜನ ಇದನ್ನು ಮುಂದೂಡುತ್ತಲೇ ಇರುತ್ತಾರೆ. ದಯವಿಟ್ಟು ಬೇಗ ಮಾಡಿಸಿ. ಇಲ್ಲಿ ದುಡಿದದ್ದನ್ನು ಕಳಿಸಲು ಎನ್‌ಆರ್‌ಇ ಖಾತೆ ಇದೆ. ಊರಿನ ಬಿಲ್‌ಗಳನ್ನು ಎರಡರಿಂದಲೂ ತುಂಬಬಹುದು. ಊರಲ್ಲಿ ಮನೆ ಬಾಡಿಗೆಯೋ ಹೊಲದ ಲಾವಣಿ ರೊಕ್ಕವೋ ಬರುವವರಿಗೆ ಎನ್‌ಆರ್‌ಒ ಸಲೀಸು, ಅಲ್ಲಿಯ ಆದಾಯ ಅಲ್ಲಿಯ ಖರ್ಚಿಗೆ ಆಗುತ್ತದೆ.

ಇಲ್ಲಿನ ಫೋನ್ ನಂಬರ್ ಇಟ್ಟುಕೊಂಡೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ದಾರಿ ಮಾಡಿಕೊಟ್ಟಿತು. ಆಗ ಪಟ್ಟಿಯಲ್ಲಿದ್ದ 10 ದೇಶಗಳು ಇವು: ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರ, ಹಾಂಗ್‌ಕಾಂಗ್, ಯುಎಇ, ಸೌದಿ ಅರೇಬಿಯಾ, ಕತಾರ್, ಓಮನ್. ಆಮೇಲೆ ಪಟ್ಟಿ ಇನ್ನೂ ಬೆಳೆದಿದೆ. ಆ ನಂಬರ್ ನಿಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಜೋಡಣೆಯಾಗಿರಬೇಕು. ಎಲ್ಲ ಬ್ಯಾಂಕು, ಎಲ್ಲ ಆ್ಯಪ್‌ಗಳಲ್ಲಿ ಇದು ನಡೆಯುವುದಿಲ್ಲ. ಮೊದಲು ನಿಮ್ಮ ಬ್ಯಾಂಕಿನ ಸ್ವಂತ ಆ್ಯಪ್ ನೋಡಿ.

ಎಲ್ಲಿ ತುಂಬುವುದು

ಕಂಪನಿಯ ಸ್ವಂತ ಆ್ಯಪ್ ಅಥವಾ ವೆಬ್‌ಸೈಟ್ ನೇರ ದಾರಿ. ಬಿಎಸ್‌ಎನ್‌ಎಲ್‌ಗೆ ಸೆಲ್ಫ್‌ಕೇರ್, ಜಿಯೋಗೆ ಮೈಜಿಯೋ, ಏರ್‌ಟೆಲ್‌ಗೆ ಏರ್‌ಟೆಲ್ ಥ್ಯಾಂಕ್ಸ್. ಹಳೆಯ ಬಿಲ್, ರಸೀದಿ, ದೂರು ಎಲ್ಲ ಒಂದೇ ಕಡೆ ಸಿಗುತ್ತವೆ. ಆದರೆ ಹೊರದೇಶದ ಕಾರ್ಡನ್ನು ಎಲ್ಲ ಕಡೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೂ ಅನೇಕ ಕಾರ್ಡ್‌ಗಳು ವಿದೇಶಿ ವ್ಯವಹಾರದ ಶುಲ್ಕ ಸೇರಿಸುತ್ತವೆ. ಇಷ್ಟು ಸಣ್ಣ ಬಿಲ್ಲಿಗೆ ಆ ಶುಲ್ಕ ಸುಮ್ನೆ ಯಾಕೆ?

ನಾನು ಜಾಸ್ತಿ ಒಲವು ತೋರುವುದು ಭಾರತ್ ಬಿಲ್‌ಪೇ ಕಡೆಗೆ. ಈಗ ಅದರ ಹೆಸರು ಭಾರತ್ ಕನೆಕ್ಟ್. ಬ್ಯಾಂಕ್ ಆ್ಯಪ್, ಫೋನ್‌ಪೇ, ಗೂಗಲ್‌ಪೇ ಎಲ್ಲದರಲ್ಲೂ ಬಿಲ್ ವಿಭಾಗದ ಹಿಂದೆ ಕೆಲಸ ಮಾಡುವುದು ಇದೇ. ಬ್ರಾಡ್‌ಬ್ಯಾಂಡ್ ಎಂಬಲ್ಲಿ ಹೋಗಿ ಕಂಪನಿ ಆರಿಸಿದರೆ ಬಿಲ್ ತಾನೇ ಬರುತ್ತದೆ. ಹೆಸ್ಕಾಂ ಲೈಟ್ ಬಿಲ್ ಕೂಡ ಅಲ್ಲೇ ತುಂಬಬಹುದು, ಎರಡೂ ಕೆಲಸ ಒಟ್ಟಿಗೇ ಮುಗಿಯುತ್ತವೆ. ತುಂಬಿದ ಮೇಲೆ ಬರುವ ವ್ಯವಹಾರ ಸಂಖ್ಯೆಯ ಸ್ಕ್ರೀನ್‌ಶಾಟ್ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಆಮೇಲೆ ತಕರಾರು ಬಂದರೆ ಅದೇ ಸಂಖ್ಯೆಯಿಂದ ಅದೇ ಆ್ಯಪಿನಲ್ಲಿ ದೂರು ಕೊಡಬಹುದು.

ಗಲ್ಫಿನಲ್ಲಿರುವವರಿಗೆ ಇನ್ನೊಂದು ಅನುಕೂಲ ಇದೆ. ಹೊರದೇಶದಿಂದ ನೇರವಾಗಿ ಊರಿನ ಬಿಲ್ ತುಂಬುವ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಘೋಷಿಸಿತು. ಕುವೈತ್‌ನಲ್ಲಿ ಲುಲು ಎಕ್ಸ್‌ಚೇಂಜ್, ಓಮನ್‌ನಲ್ಲಿ ಮುಸಂದಮ್ ಎಕ್ಸ್‌ಚೇಂಜ್ ಇದನ್ನು ಮೊದಲು ಶುರು ಮಾಡಿದವು. ಊರಲ್ಲಿ ಖಾತೆಯ ಕೆಲಸ ಇನ್ನೂ ಮುಗಿಯದವರಿಗೆ ಇದು ಒಳ್ಳೆಯ ದಾರಿ. ನಿಮ್ಮ ಎಕ್ಸ್‌ಚೇಂಜ್ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ.

ಕೇಬಲ್‌ನವರ ಲೈನ್ ಇದ್ದರೆ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಇರುತ್ತದೆ. ಬಾಗಲಕೋಟೆ ನವನಗರದ ಸೆಕ್ಟರ್‌ಗಳಿರಲಿ, ಬೆಳಗಾವಿಯ ಶಹಾಪುರ, ವಡಗಾವಿಯ ಓಣಿಗಳಿರಲಿ, ಟಿವಿ ಕೇಬಲ್ ಕೊಟ್ಟವನೇ ಫೈಬರ್ ಕೂಡ ಎಳೆದಿರುತ್ತಾನೆ. ತಿಂಗಳಿಗೊಮ್ಮೆ ಮನೆಗೆ ಬಂದು ರೊಕ್ಕ ಒಯ್ಯುತ್ತಾನೆ. ಹೊಸಬರು ಬಹಳ ಜನ ಇಲ್ಲಿ ಕೂತು ಆ ಲೈನ್ ತೆಗೆಸಿ ದೊಡ್ಡ ಕಂಪನಿಗೆ ಬದಲಿಸಲು ಹೊರಡುತ್ತಾರೆ. ನಾನು ಬೇಡ ಎನ್ನುತ್ತೇನೆ. ರಸ್ತೆ ಅಗೆದಾಗ, ಮಳೆಗೆ ಟೊಂಗೆ ಬಿದ್ದು ವೈರ್ ಹರಿದಾಗ, ಅಪ್ಪಾಜಿ ಒಂದು ಫೋನ್ ಮಾಡಿದರೆ ಸಂಜೆಯೊಳಗೆ ಬರುವ ಹುಡುಗ ಅವನು. ಆ ನಂಟು ಉಳಿಯಲಿ. ಬಿಲ್ ತುಂಬುವ ರೀತಿ ಮಾತ್ರ ಗಟ್ಟಿ ಮಾಡಿಕೊಳ್ಳಿ.

ಅವನ ಲೈನಿನ ಹಿಂದಿರುವ ಕಂಪನಿ ಯಾವುದು, ಯೂಸರ್ ಐಡಿ ಏನು ಎಂದು ಕೇಳಿ ಬರೆದುಕೊಳ್ಳಿ. ಆ ಕಂಪನಿ ಭಾರತ್ ಕನೆಕ್ಟ್ ಪಟ್ಟಿಯಲ್ಲಿದ್ದರೆ ಇಲ್ಲಿಂದಲೇ ತುಂಬಬಹುದು. ಹಾಗೆ ತುಂಬುವ ಮೊದಲು ಅವನಿಗೊಂದು ಮಾತು ಹೇಳಿ, ಇಲ್ಲದಿದ್ದರೆ ಅವನು ಮನೆಯಲ್ಲೂ ರೊಕ್ಕ ಕೇಳುತ್ತಾನೆ, ಪಾಪ ಅವ್ವ ಕೊಟ್ಟುಬಿಡುತ್ತಾಳೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಅವನ ಕ್ಯೂಆರ್ ಕೋಡಿಗೆ ಹಾಕಿ, ಯಾವ ತಿಂಗಳದ್ದು ಎಂದು ಸಂದೇಶದಲ್ಲಿ ಬರೆಯಿರಿ. ರಸೀದಿ ಕೇಳಲು ಸಂಕೋಚ ಬೇಡ.

ಮನೆಯಲ್ಲಿ ಅಣ್ಣನ ಮಗನೋ ತಂಗಿಯೋ ಇದ್ದರೆ ಯುಪಿಐ ಸರ್ಕಲ್ ನೋಡಿ. 2024ರಲ್ಲಿ ಬಂದದ್ದು. ಅಪ್ಪನ ಖಾತೆಯಿಂದ ಹುಡುಗ ತನ್ನ ಫೋನಿನಲ್ಲಿ ಬಿಲ್ ತುಂಬಬಹುದು, ಅಪ್ಪನ ಪಿನ್ ಅವನಿಗೆ ಗೊತ್ತಾಗುವುದೇ ಇಲ್ಲ. ಪ್ರತಿ ಸಲವೂ ಅಪ್ಪನೇ ಒಪ್ಪಿಗೆ ಕೊಡುವಂತೆ ಇಡಬಹುದು. ಪೂರ್ತಿ ಬಿಟ್ಟುಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಮನೆಮಂದಿಗೆಲ್ಲ ಪಿನ್ ಹೇಳಿಕೊಂಡು ಓಡಾಡುವುದಕ್ಕಿಂತ ಇದು ನೂರು ಪಾಲು ಮೇಲು.

ಆಟೋಪೇ ಇಡಬೇಕೋ, ವರ್ಷದ್ದು ಒಮ್ಮೆಲೇ ತುಂಬಬೇಕೋ

ಬಿಲ್ಲಿನ ರೊಕ್ಕ ತಾನೇ ಕಡಿತವಾಗುವ ಆಟೋಪೇಯಲ್ಲಿ 15,000 ರೂಪಾಯಿವರೆಗಿನ ಬಿಲ್ಲಿಗೆ ಪ್ರತಿ ತಿಂಗಳು ಓಟಿಪಿ ಬೇಕಿಲ್ಲ. ಮೊದಲ ಸಲ ಒಪ್ಪಿಗೆ ಕೊಟ್ಟರೆ ಆಯಿತು. ರೊಕ್ಕ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರುತ್ತದೆ. ಓಟಿಪಿ ತೊಂದರೆ ಇರುವ ನಮ್ಮಂಥವರಿಗೆ ಇದು ವರವೇ ಸರಿ. ಒಂದೇ ಷರತ್ತು, ಖಾತೆ ಬರಿದಾಗಬಾರದು. ಮೂರ್ನಾಲ್ಕು ತಿಂಗಳ ಬಿಲ್ಲಿನಷ್ಟು ರೊಕ್ಕ ಸದಾ ಇರಲಿ.

ಆರು ತಿಂಗಳದ್ದೋ ವರ್ಷದ್ದೋ ಮುಂಗಡ ತುಂಬುವುದು ದೊಡ್ಡ ಕಂಪನಿಗಳಲ್ಲಿ ಒಳ್ಳೆಯದು. ರಜೆಗೆ ಊರಿಗೆ ಹೋದಾಗ ಒಮ್ಮೆಲೇ ಮುಗಿಸಬಹುದು. ಸಣ್ಣ ಆಪರೇಟರ್‌ಗೆ ಮಾತ್ರ ವರ್ಷದ ರೊಕ್ಕ ಕೊಡಬೇಡಿ. ಅವನು ಎಷ್ಟೇ ಒಳ್ಳೆಯವನಿರಲಿ, ನಾಳೆ ಲೈನ್ ಬೇರೆಯವರಿಗೆ ಮಾರಿದರೆ ಉಳಿದ ತಿಂಗಳುಗಳ ಲೆಕ್ಕ ಯಾರನ್ನು ಕೇಳುವುದು?

ನೆಟ್ ಬಂದ್ ಅಂತ ಫೋನ್ ಬಂದರೆ

ತಕ್ಷಣ ಇನ್ನೊಮ್ಮೆ ಬಿಲ್ ತುಂಬಬೇಡಿ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಉರಿಯುತ್ತಿದೆಯಾ ಎಂದು ಕೇಳಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗಿದ್ದರೆ ಫೈಬರ್ ಎಲ್ಲೋ ತುಂಡಾಗಿದೆ, ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ, ಲೈನ್‌ಮನ್ ಬರಬೇಕು. ಪೆಟ್ಟಿಗೆಯಲ್ಲಿ ಯಾವ ದೀಪವೂ ಉರಿಯದಿದ್ದರೆ ಕರೆಂಟ್ ಹೋಗಿದೆ. ಕೆಂಪು ದೀಪವಿಲ್ಲದೆ ಉಳಿದವು ಹಸಿರಾಗಿಯೇ ಇದ್ದು ಪೇಜ್ ಮಾತ್ರ ತೆರೆಯದಿದ್ದರೆ ಆಗ ಬಿಲ್ ಬಾಕಿ ಇದೆಯೇ ನೋಡಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಮನೆಗಳಿಗೆ ರೌಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಕೊಡಿಸಿ. ಕೊಟ್ಟ ರೊಕ್ಕಕ್ಕೆ ಮೋಸವಿಲ್ಲ.

ತುಂಬುವಾಗ ರೊಕ್ಕ ಕಡಿತವಾಗಿ ಬಿಲ್ ಹಾಗೇ ಉಳಿದರೆ ಗಾಬರಿ ಬೇಡ. ಯುಪಿಐನಲ್ಲಿ ವ್ಯಾಪಾರಿಗೆ ತಲುಪದ ಹಣ 5 ದಿನದೊಳಗೆ ತಾನೇ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಕೆಲವು ಸಲ ತುಂಬಿದ್ದು ಕಂಪನಿಯ ಲೆಕ್ಕಕ್ಕೆ ಏರಲು ಒಂದೆರಡು ದಿನ ಹಿಡಿಯುತ್ತದೆ. ಹಾಗಾಗಿ ಕೊನೆಯ ದಿನದವರೆಗೆ ಕಾಯಬೇಡಿ. ಗಡಿಯಾರದ ಲೆಕ್ಕವೂ ಇದೆ. ನಾನಿರುವ ನ್ಯೂಜೆರ್ಸಿಯಲ್ಲಿ ಚಳಿಗಾಲದ ಮಧ್ಯಾಹ್ನ ಒಂದೂವರೆಗೆ ಊರಲ್ಲಿ ತಾರೀಖು ಬದಲಾಗಿರುತ್ತದೆ, ಬೇಸಿಗೆಯಲ್ಲಿ ಎರಡೂವರೆಗೆ. ಸಂಜೆ ಆಫೀಸ್ ಮುಗಿಸಿ ತುಂಬುತ್ತೇನೆ ಎಂದರೆ ಕೊನೆಯ ದಿನ ದಾಟಿರುತ್ತದೆ.

ಮನೆಯವರಿಗೆ ಹೇಳಲೇಬೇಕಾದದ್ದು

"ಬಿಲ್ ತುಂಬಿಲ್ಲ, ಇವತ್ತು ರಾತ್ರಿ ಕನೆಕ್ಷನ್ ಕಟ್" ಎಂದು ಬರುವ ಸಂದೇಶ, ಫೋನ್ ನಂಬಬಾರದು. ಅದರಲ್ಲಿರುವ ಲಿಂಕ್ ಒತ್ತಬಾರದು, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬಾರದು. ಮಗ, ಮಗಳು ದೂರ ಇದ್ದಾರೆ ಎಂದು ತಿಳಿದೇ ಇಂಥವರು ಹೆದರಿಸುತ್ತಾರೆ. ರೊಕ್ಕ ಬರಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ರೊಕ್ಕ ಹೋಗುವುದೇ ಎಂದು ಅಪ್ಪ, ಅವ್ವ ಇಬ್ಬರಿಗೂ ಬಿಡಿಸಿ ಹೇಳಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬಾರದು, ಬಿಲ್ಲಿನ ಮೇಲಿರುವುದನ್ನೇ ಬಳಸಬೇಕು. ಮೋಸ ಆಗಿಯೇ ಹೋದರೆ ನಿಮ್ಮ ಫೋನಿಗೆ ಕಾಯದೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಅವರೇ ಕರೆ ಮಾಡಲಿ. ಬೇಗ ಹೇಳಿದಷ್ಟೂ ರೊಕ್ಕ ತಡೆಯುವ ಅವಕಾಶ ಜಾಸ್ತಿ.

ಮುಂದಿನ ಸಲ ಊರಿಗೆ ಹೋದಾಗ ಒಂದು ಹಾಳೆಯಲ್ಲಿ ಕನೆಕ್ಷನ್ ನಂಬರ್, ಬಿಲ್ ತುಂಬುವ ಕೊನೆಯ ತಾರೀಖು, ಲೈನ್‌ಮನ್ ಫೋನ್, 1930 ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ರೌಟರ್ ಪಕ್ಕ ಅಂಟಿಸಿ. ಪಾಸ್‌ವರ್ಡ್, ಪಿನ್ ಅದರಲ್ಲಿ ಬೇಡ. ಅದೇ ಹಾಳೆಯ ಫೋಟೋ ನಿಮ್ಮ ಫೋನಿನಲ್ಲೂ ಇರಲಿ.