ನವೆಂಬರ್‌ನ ಸಿಯಾಟಲ್: ಹವಾಮಾನ ಮುನ್ಸೂಚನೆ ಓದುವುದು ಹೀಗೆ

ಫೋನ್ ತೆಗೆದರೆ ಸೋಮವಾರದಿಂದ ಭಾನುವಾರದವರೆಗೆ ಏಳು ಮೋಡ. ಏಳರ ಕೆಳಗೂ ಮಳೆಹನಿ. ಸಿಯಾಟಲ್‌ನ ನವೆಂಬರ್ ಇಷ್ಟೇ ಅಂದುಕೊಂಡು ಎಷ್ಟೋ ಜನ ಮುನ್ಸೂಚನೆ ನೋಡುವುದನ್ನೇ ಬಿಡುತ್ತಾರೆ. ಹೆಚ್ಚಿನ ದಿನ ಅದರಿಂದ ನಷ್ಟವೇನೂ ಇಲ್ಲ. ಆದರೆ ಒಂದು ದಿನ ನದಿ ರಸ್ತೆಗೆ ಬಂದಿರುತ್ತದೆ, ಇಲ್ಲವೇ ಹಿತ್ತಲ ಮರ ಮಾಡಿನ ಮೇಲೆ ಒರಗಿರುತ್ತದೆ. ಕೆಲಸಕ್ಕೆಂದು ಹೊಸದಾಗಿ ಬಂದ ನಮ್ಮವರು, ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರು ಇಂಥ ದಿನ ಕಕ್ಕಾಬಿಕ್ಕಿಯಾಗುವುದನ್ನು ಹತ್ತಾರು ಸಲ ನೋಡಿದ್ದೇನೆ. ಅವರಿಗಾಗಿ ಈ ಬರಹ.

ಮೊದಲು ಅಳತೆ ತಿಳಿದಿರಲಿ

ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 39 ಇಂಚು, ಅಂದರೆ ಸುಮಾರು 1,000 ಮಿ.ಮೀ. ಬೆಂಗಳೂರಿನದ್ದೂ ಹೆಚ್ಚು ಕಡಿಮೆ ಅಷ್ಟೇ. ಬೀಳುವ ರೀತಿ ಮಾತ್ರ ಬೇರೆ. ಇಲ್ಲಿ ಅದು ವರ್ಷದ 150ಕ್ಕೂ ಹೆಚ್ಚು ದಿನಗಳಿಗೆ ಹಂಚಿಕೊಂಡು ಜಿನುಗುತ್ತದೆ. ನವೆಂಬರ್ ಎಲ್ಲಕ್ಕಿಂತ ಒದ್ದೆ ತಿಂಗಳು, ಸರಾಸರಿ 6 ಇಂಚಿಗೆ ಸ್ವಲ್ಪ ಮೇಲೆ. ಇಡೀ ತಿಂಗಳಿಗೆ 6 ಇಂಚು ಅನ್ನುವುದು ತಲೆಯಲ್ಲಿದ್ದರೆ, "ಎರಡು ದಿನದಲ್ಲಿ 3 ಇಂಚು" ಅಂತ ಬಂದಾಗ ಅದರ ತೂಕ ತಾನಾಗಿ ಗೊತ್ತಾಗುತ್ತದೆ.

ಇದು ನಗರದ ಲೆಕ್ಕ. ಪಶ್ಚಿಮಕ್ಕೆ ಒಲಿಂಪಿಕ್ ಬೆಟ್ಟಗಳ ಸಮುದ್ರದ ಕಡೆಗಿರುವ ಹೋ ಕಾಡಿನಲ್ಲಿ ವರ್ಷಕ್ಕೆ ಸುಮಾರು 140 ಇಂಚು ಸುರಿಯುತ್ತದೆ. ಅದೇ ಬೆಟ್ಟದ ಹಿಂದೆ ಮಳೆ ನೆರಳಿನಲ್ಲಿರುವ ಸೀಕ್ವಿಮ್ ಊರಿಗೆ ಸಿಗುವುದು 16 ಇಂಚು. ನಮ್ಮ ಘಟ್ಟದ ಆಚೆ ಈಚೆ ಇದ್ದ ಹಾಗೇ ಅಲ್ವಾ! ಹಾಗಾಗಿ ಮುನ್ಸೂಚನೆ ನೋಡುವಾಗ ನಿಮ್ಮ ಊರಿನ ಹೆಸರು ಹಾಕಿಯೇ ನೋಡಿ.

ಋತುವಿನ ನಕ್ಷೆ: ಒಂದೇ ಸಲ ನೋಡಿ

ಅಮೆರಿಕದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಪ್ರತಿ ತಿಂಗಳ ಮಧ್ಯದಲ್ಲಿ ಮುಂದಿನ ತಿಂಗಳುಗಳ ನಕ್ಷೆ ಹಾಕುತ್ತದೆ. ಮಳೆ ಹೆಚ್ಚಿರಬಹುದಾದ ಕಡೆ ಹಸಿರು, ಕಡಿಮೆ ಇರಬಹುದಾದ ಕಡೆ ಕಂದು. ಹಸಿರಿನ ಮೇಲೆ 40 ಪರ್ಸೆಂಟ್ ಅಂತ ಕಂಡ ಕೂಡಲೇ "ಈ ಸಲ 40 ಪರ್ಸೆಂಟ್ ಜಾಸ್ತಿ ಮಳೆಯಂತೆ" ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ತಪ್ಪು.

1991ರಿಂದ 2020ರವರೆಗಿನ 30 ನವೆಂಬರ್‌ಗಳನ್ನು ಮಳೆ ಕಡಿಮೆ, ಸಾಧಾರಣ, ಜಾಸ್ತಿ ಎಂದು ಹತ್ತತ್ತರ ಮೂರು ಗುಂಪು ಮಾಡಿಕೊಳ್ಳಿ. ಏನೂ ಸುಳಿವಿಲ್ಲದಿದ್ದರೆ ಒಂದೊಂದು ಗುಂಪಿಗೂ 33 ಪರ್ಸೆಂಟ್ ಅವಕಾಶ. 40 ಅಂದರೆ ತಕ್ಕಡಿ "ಜಾಸ್ತಿ" ಕಡೆಗೆ ಸ್ವಲ್ಪ ವಾಲಿದೆ, ಅಷ್ಟೇ. ಎಷ್ಟು ಜಾಸ್ತಿ ಅಂತ ಆ ನಕ್ಷೆ ಹೇಳುವುದೇ ಇಲ್ಲ.

ಪೆಸಿಫಿಕ್ ಸಾಗರದ ಸಮಭಾಜಕದ ಬಳಿಯ ನೀರು ಮಾಮೂಲಿಗಿಂತ ತಣ್ಣಗಿರುವ ಲಾ ನಿನಾ ವರ್ಷದಲ್ಲಿ ಈ ಕಡೆ ಚಳಿ, ಮಳೆ, ಬೆಟ್ಟದ ಹಿಮ ಹೆಚ್ಚುವ ಒಲವಿರುತ್ತದೆ. ಆ ನೀರು ಬೆಚ್ಚಗಿರುವ ಎಲ್ ನಿನೊ ವರ್ಷದಲ್ಲಿ ಅದರ ಉಲ್ಟಾ. ಅದನ್ನು ನೆಚ್ಚಿಕೊಂಡು ಕೂರಬೇಡಿ. 2006ರ ಕೊನೆಯಲ್ಲಿ ಎಲ್ ನಿನೊ ಇತ್ತು. ಆ ನವೆಂಬರ್‌ನಲ್ಲೇ ಸಿಯಾಟಲ್ ವಿಮಾನ ನಿಲ್ದಾಣದ ಮಾಪಕದಲ್ಲಿ 15 ಇಂಚಿಗೂ ಹೆಚ್ಚು ಮಳೆ ದಾಖಲಾಯಿತು. ಋತು ಹೇಗೇ ಇರಲಿ, ಅನಾಹುತ ಮಾಡುವುದು ಎರಡು-ಮೂರು ದಿನದ ಒಂದು ಮಳೆ.

ಎಲ್ಲರೂ ಎಡವುವ ಜಾಗ: ಸ್ನೋ ಲೆವೆಲ್

ಇದನ್ನು ನಿಧಾನವಾಗಿ ಓದಿ. ಎಷ್ಟು ಎತ್ತರದಿಂದ ಮೇಲೆ ಮಳೆಯ ಬದಲು ಹಿಮ ಬೀಳುತ್ತದೆ ಅನ್ನುವ ಲೆಕ್ಕಕ್ಕೆ ಸ್ನೋ ಲೆವೆಲ್ ಅನ್ನುತ್ತಾರೆ. ಬೆಟ್ಟಕ್ಕೆ ಸ್ಕೀ ಮಾಡಲು ಹೋಗುವವರಿಗೆ ಮಾತ್ರ ಬೇಕಾದದ್ದು ಅಂತ ಹೆಚ್ಚಿನವರು ಇದನ್ನು ದಾಟಿಕೊಂಡು ಹೋಗುತ್ತಾರೆ. ಕಣಿವೆಯಲ್ಲಿ ಮನೆ ಮಾಡಿರುವವರಿಗೇ ಅದು ಎಲ್ಲರಿಗಿಂತ ಮುಖ್ಯ.

ಮಾಮೂಲಿ ಮಳೆ ಬರುವುದು ಅಲಾಸ್ಕಾ ಕಡೆಯ ತಣ್ಣನೆ ಗಾಳಿಯ ಜೊತೆ. ಸ್ನೋ ಲೆವೆಲ್ 3,000 ಅಡಿಯ ಆಸುಪಾಸು ಇರುತ್ತದೆ. ನಗರದ ಪೂರ್ವಕ್ಕಿರುವ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ಅದಕ್ಕಿಂತ ಮೇಲೆ ಬಿದ್ದದ್ದೆಲ್ಲ ಹಿಮವಾಗಿ ಅಲ್ಲೇ ಕೂರುತ್ತದೆ. ನದಿಗೆ ಇಳಿಯುವುದು ಸ್ವಲ್ಪ ನೀರು.

ಇನ್ನೊಂದು ಬಗೆಯದು ನೈಋತ್ಯದಿಂದ, ಹವಾಯಿ ಕಡೆಯಿಂದ ಬರುತ್ತದೆ. ಸಾವಿರಾರು ಕಿಲೋಮೀಟರ್ ಉದ್ದದ ಆವಿಯ ಪಟ್ಟಿ ಸಮುದ್ರದ ಮೇಲಿಂದ ನೇರ ಬೆಟ್ಟಕ್ಕೆ ಬಂದು ಬಡಿಯುತ್ತದೆ. ಇದಕ್ಕೆ ಅಟ್ಮಾಸ್ಫಿಯರಿಕ್ ರಿವರ್ ಅನ್ನುತ್ತಾರೆ. ಹವಾಯಿ ಕಡೆಯಿಂದ ಬಂದದ್ದಕ್ಕೆ ಪೈನಾಪಲ್ ಎಕ್ಸ್‌ಪ್ರೆಸ್ ಅಂತಲೂ ಹೆಸರು. ಆಗ ಸ್ನೋ ಲೆವೆಲ್ 7,000-8,000 ಅಡಿಗೆ ಏರುತ್ತದೆ. ಬೆಟ್ಟದ ಮೇಲೂ ಮಳೆಯೇ. ಅಷ್ಟೂ ನೀರು ನದಿಗೆ, ಜೊತೆಗೆ ಮೊದಲೇ ಬಿದ್ದಿದ್ದ ಎಳೆ ಹಿಮವೂ ಕರಗಿ ನದಿಗೆ. ನಗರದಲ್ಲಿ 2 ಇಂಚು ಬೀಳುವಾಗ ಬೆಟ್ಟದಲ್ಲಿ ಅದರ ಮೂರು-ನಾಲ್ಕು ಪಟ್ಟು ಸುರಿಯಬಹುದು. 2006ರ ನವೆಂಬರ್ ಮೊದಲ ವಾರ ಮೌಂಟ್ ರೇನಿಯರ್ ಉದ್ಯಾನದಲ್ಲಿ 36 ಗಂಟೆಯಲ್ಲಿ ಸುಮಾರು 18 ಇಂಚು ಮಳೆಯಾಯಿತು. ರಸ್ತೆಗಳು ಕೊಚ್ಚಿಹೋಗಿ ಉದ್ಯಾನವನ್ನು ಆರು ತಿಂಗಳು ಮುಚ್ಚಬೇಕಾಯಿತು. 2021ರ ನವೆಂಬರ್‌ನಲ್ಲಿ ನೂಕ್ಸಾಕ್ ನದಿ ಉಕ್ಕಿ ಸೂಮಸ್ ಊರು ಮುಳುಗಿತು. ನೀರು ಗಡಿ ದಾಟಿ ಕೆನಡಾದ ಆಬಟ್ಸ್‌ಫರ್ಡ್‌ಗೂ ನುಗ್ಗಿತು. ಎರಡಕ್ಕೂ ಕಾರಣ ಇಂಥದ್ದೇ ಬೆಚ್ಚಗಿನ ಮಳೆ.

ಗೊತ್ತಾಗುವುದು ಹೇಗೆ? ನ್ಯಾಷನಲ್ ವೆದರ್ ಸರ್ವಿಸ್‌ನ ಸಿಯಾಟಲ್ ಪುಟಕ್ಕೆ ಹೋಗಿ 'ಫೋರ್‌ಕಾಸ್ಟ್ ಡಿಸ್ಕಶನ್' ತೆರೆಯಿರಿ. ಪಾಳಿಯಲ್ಲಿರುವ ಹವಾಮಾನ ತಜ್ಞರು ತಮ್ಮ ಕೈಯಾರೆ ಬರೆಯುವ ಬರಹ ಅದು. ಯಾವುದರ ಬಗ್ಗೆ ಖಚಿತ, ಯಾವುದರ ಬಗ್ಗೆ ಅನುಮಾನ ಅಂತಲೂ ಹೇಳಿರುತ್ತಾರೆ. ದುಡ್ಡು ಕೊಟ್ಟು ತಗೊಳ್ಳುವ ಹವಾಮಾನ ಆ್ಯಪ್ ಯಾವುದೂ ಬೇಡ, ಇದೊಂದು ಸಾಕು. ಅದರಲ್ಲಿ ಮೂರು ವಿಷಯ ಹುಡುಕಿ: ಸ್ನೋ ಲೆವೆಲ್ ಎಷ್ಟು, ಬೆಟ್ಟದಲ್ಲಿ ಎಷ್ಟು ಇಂಚು, ಆವಿಯ ಪಟ್ಟಿ ಜರುಗುತ್ತಿದೆಯೋ ಒಂದೇ ಕಡೆ ನಿಂತಿದೆಯೋ. ಸ್ನೋ ಲೆವೆಲ್ 6,000 ಅಡಿ ದಾಟಿ, ಬೆಟ್ಟದ ಮಳೆ 5 ಇಂಚು ದಾಟಿ, ಪಟ್ಟಿ ನಿಂತುಬಿಟ್ಟರೆ ನಾನು ಸ್ನೋಕ್ವಾಲ್ಮಿ ನದಿಯ ಪಕ್ಕದ ಊರುಗಳಾದ ಕಾರ್ನೇಷನ್, ಡುವಾಲ್ ಕಡೆಯ ಕಣಿವೆ ರಸ್ತೆಗೆ ಕಾರು ಇಳಿಸುವುದಿಲ್ಲ.

ಮನೆಯಲ್ಲೇ ಸಿಗುವ ಗುರುತೂ ಒಂದಿದೆ. ನವೆಂಬರ್ ರಾತ್ರಿ ಸಾಮಾನ್ಯವಾಗಿ 5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸಂಜೆಗಿಂತ ಮಧ್ಯರಾತ್ರಿಯೇ ಬೆಚ್ಚಗಾಗಿ 13 ಡಿಗ್ರಿಗೆ ಬಂದರೆ ಹವೆ ಹಿತವಾಗಿದೆ ಅಂತ ಸುಮ್ನೆ ಮಲಗಬೇಡಿ. ನದಿಯ ಮಟ್ಟ ನೋಡಿ. ಮಳೆ ನಿಂತ ಮೇಲೂ ಕೆಳಗಿನ ಕಣಿವೆಯಲ್ಲಿ ನೀರು ಏರುತ್ತಲೇ ಇರುತ್ತದೆ. ಬಿಸಿಲು ಬಂತಲ್ಲ ಅಂತ ಮರುದಿನ ಬೆಳಿಗ್ಗೆ ಸ್ನೋಕ್ವಾಲ್ಮಿ ಜಲಪಾತ ತೋರಿಸಲು ಅಪ್ಪ-ಅಮ್ಮನನ್ನು ಕರೆದುಕೊಂಡು ಹೊರಟು, ಮುಚ್ಚಿದ ರಸ್ತೆಗಳ ನಡುವೆ ಮೂರು ಗಂಟೆ ಸುತ್ತಿದವರು ನನ್ನ ಪಕ್ಕದ ಮನೆಯಲ್ಲೇ ಇದ್ದಾರೆ.

ಗಾಳಿಯ ದಿಕ್ಕು

ಇಲ್ಲಿನ ಬಿರುಗಾಳಿ ಸಾಮಾನ್ಯವಾಗಿ ದಕ್ಷಿಣದಿಂದ ಬೀಸುತ್ತದೆ. ಮರಗಳ ಬೇರು ಅದಕ್ಕೆ ಹೊಂದಿಕೊಂಡಿವೆ. ಪೂರ್ವದಿಂದ ಬೀಸಿದರೆ ಮಾತ್ರ ಕಷ್ಟ. 2024ರ ನವೆಂಬರ್ 19ರಂದು ವ್ಯಾಂಕೂವರ್ ದ್ವೀಪದಾಚೆ ಬಾಂಬ್ ಸೈಕ್ಲೋನ್ (ಗಾಳಿಯ ಒತ್ತಡ ಒಂದೇ ದಿನದಲ್ಲಿ ದಿಢೀರನೆ ಕುಸಿದು ಬಲವಾಗುವ ಚಂಡಮಾರುತ) ಎದ್ದಾಗ, ಅದು ಕ್ಯಾಸ್ಕೇಡ್ ಬೆಟ್ಟದ ಆಚೆಯ ಗಾಳಿಯನ್ನು ಕಣಿವೆಗಳ ಮೂಲಕ ಈ ಕಡೆಗೆ ಎಳೆಯಿತು. ಇಸಾಕ್ವಾ, ಬೆಲ್‌ವ್ಯೂ, ರೆಡ್ಮಂಡ್ ಭಾಗದಲ್ಲಿ ಡಗ್ಲಸ್ ಫರ್ ಮರಗಳು ಸಾಲಾಗಿ ಉರುಳಿದವು. ವಾಷಿಂಗ್ಟನ್ ರಾಜ್ಯದಲ್ಲಿ ಸುಮಾರು 6 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ನಮ್ಮ ಮನೆಗೆ ಬಂದದ್ದು ನಾಲ್ಕನೆಯ ದಿನ. ಮುನ್ಸೂಚನೆಯಲ್ಲಿ "ಪೂರ್ವದ ಗಾಳಿ, ಗಂಟೆಗೆ 50 ಮೈಲಿ" ಅಂತ ಕಂಡರೆ ಆ ರಾತ್ರಿ ದೊಡ್ಡ ಮರದ ಕಡೆಗಿರುವ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಕರೆಂಟ್ ಹೋದಾಗ ಚಳಿ ಅಂತ ಒಳಗೆ ಇದ್ದಿಲು ಹೊತ್ತಿಸಬೇಡಿ. ಅಗ್ಗಿಷ್ಟಿಕೆಯ ಅಭ್ಯಾಸ ಇರುವ ಹಿರಿಯರಿಗೆ ಮೊದಲೇ ಹೇಳಿಡಿ. 2006ರ ಡಿಸೆಂಬರ್ ಬಿರುಗಾಳಿಯ ನಂತರ ಇಲ್ಲಿ ಮುಚ್ಚಿದ ಮನೆಗಳಲ್ಲಿ ಇದ್ದಿಲು, ಜನರೇಟರ್‌ಗಳ ಕಾರ್ಬನ್ ಮೊನಾಕ್ಸೈಡ್‌ನಿಂದ ಜನ ಸತ್ತರು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಉಳಿದವು

ಛತ್ರಿ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಮಳೆ ಜಾಕೆಟ್ ತಗೊಳ್ಳಿ. ಲೇಬಲ್‌ನಲ್ಲಿ 'ವಾಟರ್ ರೆಸಿಸ್ಟೆಂಟ್' ಅಂತ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ, ಅರ್ಧ ಗಂಟೆಯಲ್ಲಿ ಹೆಗಲು ನೆನೆಯುತ್ತದೆ. 'ವಾಟರ್‌ಪ್ರೂಫ್' ಅಂತ ಬರೆದಿರಬೇಕು, ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿರಬೇಕು.

ಬೆಟ್ಟ ದಾಟುವವರು ಹೆದ್ದಾರಿ ಹಾಯುವ ಕಣಿವೆದಾರಿ ಸ್ನೋಕ್ವಾಲ್ಮಿ ಪಾಸ್‌ನ ಎತ್ತರ 3,022 ಅಡಿ ಅಂತ ನೆನಪಿಡಿ. ಸ್ನೋ ಲೆವೆಲ್ ಅದಕ್ಕಿಂತ ಕೆಳಗಿದ್ದರೆ ಕಾರಿನಲ್ಲಿ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಚೈನ್ ಇರಲಿ, ಹಾಕುವುದನ್ನು ಮನೆ ಮುಂದೆಯೇ ಒಮ್ಮೆ ಕಲಿತಿರಿ.

ಕೊನೆಯದಾಗಿ, ಮನೆ ಮುಂದಿನ ಚರಂಡಿಯ ಜಾಲರಿ. ನವೆಂಬರ್ ಮಳೆಯಲ್ಲಿ ಬೀದಿಯಲ್ಲಿ ನೀರು ನಿಲ್ಲುವುದು ಹೆಚ್ಚಾಗಿ ಅದರ ಮೇಲೆ ಮೇಪಲ್ ಎಲೆ ಮೆತ್ತಿಕೊಂಡಿದ್ದಕ್ಕೆ. ದೊಡ್ಡ ಮಳೆಯ ಹಿಂದಿನ ದಿನವೇ ಎಲೆ ಗುಡಿಸಿ ತೆಗೆಯಿರಿ. ತಿಂಗಳ ಕೊನೆಗೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಹಾಗಾಗಿ ಮಧ್ಯಾಹ್ನ ಊಟವಾದ ಕೂಡಲೇ ಪೊರಕೆ ಹಿಡಿಯಿರಿ.